ಮೂರನೇ ಹಾಳೆಯ ಇಪ್ಪತ್ತೆರಡು ಗಂಟೆ

…ಅದೆಲ್ಲ ಆಮೇಲೆ. ಮೊದಲು ಆ ಪೆನ್ನಿಗೆ ಮುಚ್ಚಳ ಹಾಕು. ಹಾಕು ಅಂದೆನಲ್ಲ. ಸಹಿ ನಾಳೆ ಹತ್ತು ಗಂಟೆಗೆ ತಾನೆ? ಇವತ್ತೇ ನನ್ನ ಅಡುಗೆಮನೆ ಮೇಜಿಗೆ ಒರಗಿಕೊಂಡು ಅಭ್ಯಾಸ ಮಾಡಬೇಕಾ? ನಿನ್ನ ಹೆಸರು ಬರೆಯೋದು ನಿನಗೆ ಒಂದನೇ ಕ್ಲಾಸಿಂದ ಬರುತ್ತೆ.

ಯಾಕೆ ನಗ್ತೀಯ? ನಿಮ್ಮಮ್ಮನೂ ಹೀಗೇ. ನಾನು ಗಂಭೀರವಾಗಿ ಮಾತಾಡಿದಾಗಲೇ ಅವಳಿಗೆ ನಗು ಬರೋದು. ಅಕ್ಕ ಅಂತ ಒಂದು ದಿನ ಹೆದರಿದವಳಲ್ಲ ನನ್ನ ತಂಗಿ. ಈಗ ಅವಳ ಮಗಳು ನೋಡು… ಹೇಳದೆ ಕೇಳದೆ, ಎರಡು ಸೂಟ್‌ಕೇಸು ಎಳ್ಕೊಂಡು, ನಾಲ್ಕು ಮಹಡಿ ಹತ್ತಿ ಬಂದು, ಬಾಗಿಲು ತಟ್ಟಿ, 'ದೊಡ್ಡಮ್ಮ, ನಾನೂ ಇಂಗ್ಲಿಷ್ ಟೀಚರ್ ಆದೆ, ಇದೇ ಊರಲ್ಲಿ, ನೀವಿದ್ದ ಶಾಲೆಯಲ್ಲೇ' ಅಂತಾಳೆ. ನನ್ನ ಎದೆ ಏನಾಗಬೇಡ ಹೇಳು. ಸಂತೋಷ ಕಣೇ, ಸಂತೋಷಕ್ಕೇ. ಅರವತ್ತೊಂಬತ್ತು ವರ್ಷದವಳಿಗೆ ಸಂತೋಷವನ್ನೂ ಚಮಚದಲ್ಲಿ ಕೊಡಬೇಕು, ಔಷಧಿ ಥರ. ನೀನು ಬಕೆಟ್ಟಲ್ಲಿ ತಂದು ಸುರಿದೆ.

ಅದಿರಲಿ, ಅಲ್ಲಿ ನನ್ನ ಹೆಸರು ಹೇಳಿದೆಯಾ? ಹೇಳಲಿಲ್ಲವಾ? ಯಾಕೆ… ಓ, ಶಿಫಾರಸು ಅಂದ್ಕೋತಾರೆ ಅಂತಾನಾ. ನಿನ್ನ ಕಾಲ ಮೇಲೆ ನೀನೇ ನಿಲ್ಲಬೇಕು ಅಂತಾನಾ. ಒಳ್ಳೇದು. ಒಳ್ಳೇ ಕೆಲಸ ಮಾಡಿದೆ. ಹೇಗೂ ನಾನು ಬಿಟ್ಟು ಆರು ವರ್ಷ ಆಯ್ತಲ್ಲ, ಅಲ್ಲಿ ಯಾರಿಗೆ ನೆನಪಿರುತ್ತೆ.

ಆ ಕರಾರಿನ ಹಾಳೆ ಇಲ್ಲಿ ಕೊಡು. ಓದೋಕಲ್ಲ, ಓದಿ ಆಯ್ತು. ನೀನು ಮುಖ ತೊಳೆಯೋಕೆ ಹೋಗಿದ್ದಾಗ ಮೂರೂ ಹಾಳೆ ಓದಿದೆ. ಮೂರನೇದನ್ನ ಎರಡು ಸಲ ಓದಿದೆ. ಕಣ್ಣು ಮಂದ ನೋಡು, ಅದಕ್ಕೆ.

ಈಗ ನಾನು ಹೇಳ್ತೀನಿ, ನೀನು ಕೇಳು. ನಡುವೆ ಬಾಯಿ ಹಾಕಬೇಡ. ಇದನ್ನ ನನಗೆ ಆಗ ಯಾರೂ ಹೇಳಲಿಲ್ಲ. ಯಾರಾದರೂ ಹೇಳಿದ್ದಿದ್ದರೆ ಇಷ್ಟು ಹೊತ್ತಿಗೆ ನಾನೂ ಊರಲ್ಲಿ ಸ್ವಂತ ಬಾಗಿಲಿನ ಮುಂದೆ ಕೂತು ಹೋಗೋರು ಬರೋರ ಮೇಲೆಲ್ಲ ಮಾತಾಡ್ಕೊಂಡು ಇರ್ತಿದ್ದೆ.

ನೋಡು, ಇಲ್ಲಿ ಏನು ಬರೆದಿದ್ದಾರೆ? ಗಂಟೆಗೆ ಹದಿನೇಳು. ವಾರಕ್ಕೆ ಇಪ್ಪತ್ತೆರಡು ಗಂಟೆ. ತಿಂಗಳಿಗೆ ಹೆಚ್ಚುಕಡಿಮೆ ಸಾವಿರದ ಐನೂರು, ಈ ದೇಶದ ದುಡ್ಡಲ್ಲಿ. ನೀನು ಇದನ್ನ ನಮ್ಮ ದುಡ್ಡಿಗೆ ಗುಣಿಸಿದೆ ತಾನೆ? ಸುಳ್ಳು ಹೇಳಬೇಡ, ಗುಣಿಸಿದೀಯ. ನಿಮ್ಮಪ್ಪ ಕಾಗದದ ಮೇಲೆ ಗುಣಿಸಿದರಾ? ಕ್ಯಾಲ್ಕ್ಯುಲೇಟರಲ್ಲಾ. ಎರಡು ಸಲ, ಸರಿಯಾಗಿದೆಯಾ ಅಂತ. ಆಮೇಲೆ ಪಕ್ಕದ ಮನೆಯವರಿಗೆ ಹೇಳಿದರಾ? ಹೇಳಿರ್ತಾರೆ. ನಮ್ಮಪ್ಪನೂ ಮೂವತ್ತು ವರ್ಷದ ಹಿಂದೆ ಹೇಳಿದ್ದರು. ಬರೀ ಪಕ್ಕದ ಮನೆಗಲ್ಲ, ಬಸ್ ಸ್ಟಾಂಡಿನ ತನಕ ಹೇಳಿದ್ದರು.

ಒಂದು ಮಾತು ಬರ್ಕೊ. ಊರಲ್ಲಿರೋರು ಗುಣಿಸ್ತಾರೆ, ಇಲ್ಲಿರೋರು ಭಾಗಿಸ್ತಾರೆ. ಅಷ್ಟೇ ವ್ಯತ್ಯಾಸ. ನೀನು ಗುಣಿಸಿದ ದುಡ್ಡಲ್ಲಿ ಇಲ್ಲಿ ಒಂದು ಈರುಳ್ಳಿ ಕೊಡಲ್ಲ. ಈರುಳ್ಳಿಗೆ ಈ ದುಡ್ಡೇ ಕೊಡಬೇಕು.

ತೆರಿಗೆ ಅವರೇ ಹಿಡ್ಕೋತಾರೆ, ಕೈಗೆ ಬರೋ ಮುಂಚೆ. ಆರೋಗ್ಯ ವಿಮೆ ಹಿಡ್ಕೋತಾರೆ. ಕೋಣೆ ಬಾಡಿಗೆ ಆರುನೂರು. ಆರುನೂರಕ್ಕೆ ಕೋಣೆ ಅಂದ್ರೆ ಏನು ಅಂದ್ಕೊಂಡೆ, ಇದೇ, ನೀನು ಕೂತಿರೋದೇ. ಕೈ ಚಾಚಿದ್ರೆ ಒಲೆ, ಕಾಲು ಚಾಚಿದ್ರೆ ಮಂಚ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಗಾದೆ ಮಾಡಿದ್ದು ಈ ಕೋಣೆ ನೋಡಿಯೇ ಇರಬೇಕು. ಚಳಿಗಾಲದಲ್ಲಿ ಹೀಟರಿನ ಬಿಲ್ಲು ಬೇರೆ. ಮೊದಲ ವರ್ಷ ನಾನು ಸ್ವೆಟರಿನ ಮೇಲೆ ಸ್ವೆಟರು, ಅದರ ಮೇಲೆ ಕೋಟು ಹಾಕ್ಕೊಂಡು ಮಲಗ್ತಿದ್ದೆ. ಬೆಳಿಗ್ಗೆ ಎದ್ದರೆ ತಯಾರಾಗೋ ಕೆಲಸವೇ ಇಲ್ಲ, ನೇರ ಶಾಲೆಗೆ.

ಇಷ್ಟೆಲ್ಲ ಕಳೆದು, ಹೊಟ್ಟೆಗೆ ಹಾಕ್ಕೊಂಡು, ತಿಂಗಳಿಗೆ ನೂರೈವತ್ತು ಉಳಿಯುತ್ತೆ. ಪರವಾಗಿಲ್ಲ ಅಂತೀಯ? ಪರವಾಗಿಲ್ಲ. ಆದರೆ ರಜೆಗೆ ಸಂಬಳ ಇಲ್ಲ ಅಂತ ಎರಡನೇ ಹಾಳೆಯಲ್ಲಿದೆ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಬೇಸಿಗೆಗೆ ಎರಡು ತಿಂಗಳು, ವರ್ಷದ ಕೊನೆಗೆ ಹದಿನೈದು ದಿನ. ಈ ಊರಿನೋರು ರಜೆಯಲ್ಲಿ ಇಂಗ್ಲಿಷ್ ಕಲಿಯಲ್ಲ, ಸಮುದ್ರಕ್ಕೆ ಹೋಗ್ತಾರೆ. ಟೀಚರು ಮಾತ್ರ ರಜೆಯಲ್ಲೂ ಊಟ ಮಾಡ್ತಾರೆ, ಅದೊಂದು ದುರಭ್ಯಾಸ. ಅಲ್ಲಿಗೆ ಒಂಬತ್ತೂವರೆ ತಿಂಗಳು ಕೂಡಿಟ್ಟಿದ್ದನ್ನ ಎರಡೂವರೆ ತಿಂಗಳು ತಿನ್ನಬೇಕು. ನಾವು ಟೀಚರುಗಳಲ್ಲ ಕಣೇ, ಒಂಟೆಗಳು.

ನಗು ಬಂತಾ. ಬರಲಿ.

ಮತ್ತೆ ಈ ಗಂಟೆ ಅನ್ನೋದಿದೆಯಲ್ಲ, ಇದು ನಿಮ್ಮ ನಮ್ಮ ಗಂಟೆಯಲ್ಲ. ಕ್ಲಾಸಿನ ಒಳಗೆ ನಿಂತಿದ್ದರೆ ಗಂಟೆ. ಹಿಂದಿನ ದಿನ ಪಾಠ ತಯಾರಿಸಿದ್ದು ಗಂಟೆ ಅಲ್ಲ. ನಲವತ್ತು ನೋಟ್‌ಪುಸ್ತಕ ತಿದ್ದಿದ್ದು ಗಂಟೆ ಅಲ್ಲ. ಆ ತುದಿಯ ಕಾರ್ಖಾನೆಯಿಂದ ಈ ತುದಿಯ ಆಫೀಸಿಗೆ ಬಸ್ಸಲ್ಲಿ ನೇತಾಡಿಕೊಂಡು ಬಂದಿದ್ದು ಗಂಟೆ ಅಲ್ಲ. ಸೋಮವಾರ ನೋಡು ನಿನಗೆ… ಬೆಳಿಗ್ಗೆ ಎಂಟಕ್ಕೆ ಒಂದು, ಮಧ್ಯಾಹ್ನ ಒಂದಕ್ಕೆ ಒಂದು, ಸಂಜೆ ಆರಕ್ಕೆ ಒಂದು. ಮೂರು ಗಂಟೆ ದುಡಿಮೆಗೆ ಹನ್ನೊಂದು ಗಂಟೆ ಬೀದಿ. ನಡುವೆ ಎಲ್ಲಿ ಹೋಗ್ತೀಯ? ಕಾಫಿ ಅಂಗಡಿಯಲ್ಲಿ ಕೂತರೆ ಕಾಫಿ ಕೊಳ್ಳಬೇಕು, ಎರಡು ಕಾಫಿ ಕುಡಿದರೆ ಬೆಳಗಿನ ಗಂಟೆಯ ಅರ್ಧ ಹೋಯ್ತು.

ನಾನೆಲ್ಲಿ ಕೂರ್ತಿದ್ದೆ ಹೇಳಲಾ? ಬಟ್ಟೆ ಒಗೆಯೋ ಮೆಷಿನ್ ಅಂಗಡಿ ಇದೆಯಲ್ಲ, ನಾಣ್ಯ ಹಾಕಿ ಒಗ್ಕೊಳ್ಳೋದು, ಚೌಕದ ಹತ್ತಿರ. ಬೆಚ್ಚಗಿರುತ್ತೆ. ಬೆಳಕು ಚೆನ್ನಾಗಿರುತ್ತೆ. ಸೋಪಿನ ವಾಸನೆಗೆ ದುಡ್ಡಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ನೋಟ್‌ಪುಸ್ತಕ ತಿದ್ದೋದು. ಜನ ನನ್ನನ್ನ ಅಂಗಡಿಯವಳು ಅಂದ್ಕೊಂಡು ಚಿಲ್ಲರೆ ಕೇಳೋರು, ಮೆಷಿನ್ ಕೆಟ್ಟರೆ ನನ್ನ ಬೈಯೋರು. ಒಂದು ದಿನ ಯಾರೋ ಗಂಡಸು ಒಣಗಿದ ದುಪ್ಪಟಿ ಮಡಚೋಕೆ ಬಾರದೆ ಅದರ ಜೊತೆ ಕುಸ್ತಿ ಮಾಡ್ತಿದ್ದ. ನೋಡೋಕಾಗದೆ ಎದ್ದು ಆರು ದುಪ್ಪಟಿ ಮಡಚಿಕೊಟ್ಟೆ. ಇಪ್ಪತ್ತು ಕೊಟ್ಟು ಹೋದ. ಹತ್ತು ನಿಮಿಷದ ಕೆಲಸ. ಆವತ್ತು ಕ್ಲಾಸಿನ ಗಂಟೆಗೆ ನನಗೆ ಹನ್ನೊಂದು ಬರ್ತಿತ್ತು. ಕೂತು ಯೋಚನೆ ಮಾಡಿದೆ, ಎಂ.ಎ. ಮಾಡಿದ್ದು ತಪ್ಪಾಯ್ತೇನೋ, ದುಪ್ಪಟಿಯಲ್ಲೇ ಮುಂದುವರೀಬೇಕಿತ್ತೇನೋ ಅಂತ.

ಇಲ್ಲ, ವಾಪಸ್ ಕೊಡಲಿಲ್ಲ, ತಗೊಂಡೆ. ಯಾಕೆ ಬಿಡಲಿ? ಆ ಇಪ್ಪತ್ತರಲ್ಲಿ ಒಂದು ಜೊತೆ ಕೈಗವಸು ಬಂತು.

ಆಮೇಲೆ ಮುಖದ ವಿಷಯ. ಹೇಳ್ತೀನಿ ಕೇಳು, ಇದು ಯಾವ ಹಾಳೆಯಲ್ಲೂ ಬರೆದಿರಲ್ಲ. ನಿನಗೆ ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತೆ ಅನ್ನೋದು ಆಮೇಲೆ. ನಿನ್ನ ಮುಖಕ್ಕೆ ಇಂಗ್ಲಿಷ್ ಬರುತ್ತಾ ಅನ್ನೋದು ಮೊದಲು. ನಾನು ಬಂದ ಮೂರನೇ ವರ್ಷ ಒಬ್ಬ ಹುಡುಗ ಬಂದ. ಪ್ರಪಂಚ ನೋಡೋಕೆ ಹೊರಟಿದ್ದ, ಪ್ರಪಂಚ ಮುಗಿಯೋ ಮುಂಚೆ ದುಡ್ಡು ಮುಗಿದಿತ್ತು. ನಾವು ಸ್ಟಾಫ್ ರೂಮಿನೋರು ಅವನಿಗೆ ಬೆನ್ನುಚೀಲ ಅಂತ ಹೆಸರಿಟ್ಟಿದ್ದೆವು, ಆ ಚೀಲ ಇಳಿಸಿದ್ದನ್ನ ಯಾರೂ ನೋಡಿರಲಿಲ್ಲ. ಓದಿದ್ದು ಈಜು ಕಲಿಸೋದು. ಆದರೆ ಹುಟ್ಟಿನಿಂದ ಇಂಗ್ಲಿಷು, ಅದಕ್ಕೆ ಒಪ್ಪೋ ಮುಖ. ಮ್ಯಾನೇಜರಮ್ಮ ಅವನನ್ನ ಬೀದಿಗೆ ಕಾಣೋ ಗಾಜಿನ ಕ್ಲಾಸಿನಲ್ಲಿ ನಿಲ್ಲಿಸಿದರು. ಅಂಗಡಿ ಮುಂದೆ ಬೊಂಬೆ ನಿಲ್ಲಿಸ್ತಾರಲ್ಲ, ಹಾಗೆ. ನನಗೆ ಹನ್ನೊಂದು, ಅವನಿಗೆ ಇಪ್ಪತ್ತೆರಡು.

ಕೆಟ್ಟವನಲ್ಲ, ಪಾಪ. ಮೊದಲ ದಿನವೇ ವಿದ್ಯಾರ್ಥಿಗಳು ವ್ಯಾಕರಣ ಯಾಕೆ ಹೀಗೆ, ಹೇಗೆ ಅಂತ ಕೇಳಿದರು. ಅವನಿಗೆ ಹೇಗೆ ಗೊತ್ತಿರುತ್ತೆ? ನಡೆಯೋ ಮನುಷ್ಯನಿಗೆ ಮಂಡಿ ಹೇಗೆ ಮಡಚುತ್ತೆ ಅಂತ ಕೇಳಿದ ಹಾಗೆ. ನೀರು ಕುಡೀತೀನಿ ಅಂತ ಹೊರಗೆ ಬಂದು, ಪಕ್ಕದ ಕ್ಲಾಸಿನ ಬಾಗಿಲಲ್ಲಿ ನನ್ನ ಕೇಳ್ಕೊಂಡು, ಹೋಗಿ ಹೇಳಿದ. ಮತ್ತೊಂದು ಪ್ರಶ್ನೆ, ಮತ್ತೊಂದು ಲೋಟ. ಒಂದೊಂದು ಕ್ಲಾಸಿಗೆ ಹನ್ನೊಂದು ಲೋಟ ನೀರು. ಕೊನೆಗೆ ವಿದ್ಯಾರ್ಥಿಗಳೆಲ್ಲ ಸೇರಿ ಅವನಿಗೆ ಸಕ್ಕರೆ ಕಾಯಿಲೆ ಅಂತ ತೀರ್ಮಾನ ಮಾಡಿ, ಒಬ್ಬೊಬ್ಬರು ಒಂದೊಂದು ಪಥ್ಯ ಹೇಳೋಕೆ ಶುರು ಮಾಡಿದರು.

ಆಮೇಲೆ ಒಪ್ಪಂದ ಮಾಡ್ಕೊಂಡೆವು. ಅವನ ಪಾಠವೆಲ್ಲ ನಾನು ಬರೆದುಕೊಡೋದು, ಪ್ರಶ್ನೆ, ಉತ್ತರ, ಎಲ್ಲಿ ನಗಬೇಕು ಅನ್ನೋದರ ಸಮೇತ. ಅವನು ಗಂಟೆಗೆ ನಾಲ್ಕು ನನಗೆ ಕೊಡೋದು. ತಪ್ಪದೆ ಕೊಟ್ಟ, ಎರಡು ವರ್ಷ. ಪಾಠದ ತಯಾರಿಗೆ ಅಂತ ನನ್ನ ಜೀವಮಾನದಲ್ಲಿ ದುಡ್ಡು ಕೊಟ್ಟವನು ಆ ಬೆನ್ನುಚೀಲ ಒಬ್ಬನೇ.

ಏನಂದೆ? ಈಗ ಕಾಲ ಬದಲಾಗಿದೆಯಾ? ಆಗಿದೆ, ಆಗಿದೆ. ಈಗ ಬಾಗಿಲಲ್ಲೇ ಬೆರಳಿಡೋ ಮೆಷಿನ್ ಬಂದಿದೆ. ಒಂದು ನಿಮಿಷ ತಡವಾದರೆ ಕಾಲು ಗಂಟೆ ಕಡಿತ. ನನ್ನ ಬೆರಳಂತೂ ಅದು ಹಿಡಿಯೋದೇ ಇಲ್ಲ. ಚಾಕ್‌ಪೀಸು ಉಜ್ಜಿ ಉಜ್ಜಿ ಗೆರೆಯೆಲ್ಲ ಸವೆದು ಹೋಗಿದೆ. ದಿನಾ ಐದು ಸಲ ಒರೆಸಿ ಒರೆಸಿ…

ಏನು? ಯಾಕೆ ಹಾಗೆ ನೋಡ್ತೀಯ? ಈ ಹೊಸ ವರ್ಷಕ್ಕಷ್ಟೇ ತಂದಿದ್ದು ಅಂತ ಹೇಳಿದರಾ ಅಲ್ಲಿ, ಮುಂದೆ ಕೂತಿರೋ ಹುಡುಗಿ? ಇರಬಹುದು. ನಾನು ಒಂದು ದಿನ ಹಳಬರನ್ನ ಮಾತಾಡಿಸೋಕೆ ಅಂತ ಹೋಗಿದ್ದೆ. ಆಗ ತಮಾಷೆಗೆ ಬೆರಳಿಟ್ಟು ನೋಡಿದೆ. ದಿನಾ ಅಂದೆನಾ? ಆವತ್ತು ಐದು ಸಲ ಅಂದೆ. ಚಹಾ ಆರ್ತಿದೆ, ಕುಡಿ.

ಎಲ್ಲಿದ್ದೆ ನಾನು? ಹಾಂ, ಊರಿಗೆ ಹೋಗೋದು. ವಿಮಾನದ ಟಿಕೆಟ್ಟು ಶಾಲೆಯೇ ಕೊಡುತ್ತೆ ಅಂತ ನಿನಗೆ ಖುಷಿ ಅಲ್ಲವಾ? ಓದು. ಎರಡು ವರ್ಷ ಪೂರ್ತಿ ಮಾಡಿದ ಮೇಲೆ, ಹೋಗೋಕೆ ಮಾತ್ರ. ಹೋಗೋಕೆ ಕೊಡ್ತಾರೆ, ಬರೋಕೆ ಕೊಡಲ್ಲ. ಅದರ ಅರ್ಥ ನೀನೇ ಮಾಡ್ಕೊ. ಸರಿ, ಹೇಗೋ ಟಿಕೆಟ್ಟು ಆಯ್ತು ಅಂತಿಟ್ಕೊ. ಬರಿಗೈಯಲ್ಲಿ ಹೋಗ್ತೀಯಾ? ವಿದೇಶದಿಂದ ಬಂದವಳು. ನಿನ್ನ ಸೂಟ್‌ಕೇಸು ತೆಗೆಯೋ ಹೊತ್ತಿಗೆ ಎಷ್ಟು ಜನ ಸುತ್ತ ಕೂತಿರ್ತಾರೆ ಗೊತ್ತಾ? ನೀನೇ ಕೂತಿದ್ದೆಯಲ್ಲ, ಫ್ರಾಕು ಹಾಕ್ಕೊಂಡು, ಎಲ್ಲರಿಗಿಂತ ಮುಂದೆ.

ನಿಮ್ಮಮ್ಮನ ಬೀರುವಿನಲ್ಲಿ ನಾನು ಕೊಟ್ಟ ಸೆಂಟಿನ ಬಾಟಲಿಗಳಿವೆ ನೋಡು, ಸಾಲಾಗಿ ಇಟ್ಟಿದ್ದಾಳೆ, ಬಂದವರಿಗೆಲ್ಲ ತೋರಿಸ್ತಾಳೆ. ಒಂದಕ್ಕೂ ಮುಚ್ಚಳ ಇಲ್ಲ, ಗಮನಿಸಿದೀಯಾ? ಅಲ್ಲಿನ ಫ್ಯಾಷನ್ನೇ ಹಾಗೆ, ಮುಚ್ಚಳ ಇರಲ್ಲ ಅಂತ ನಾನು ಹೇಳಿದ್ದೆ. ಅವು ಅಂಗಡಿಯಲ್ಲಿ ಗಿರಾಕಿಗಳು ಮೂಸಿ ನೋಡೋಕೆ ಇಟ್ಟಿರೋ ಬಾಟಲಿಗಳು ಕಣೇ. ಕೆಳಗಿನ ಅಂಗಡಿಯವಳಿಗೆ ನಾನು ಮಧ್ಯಾಹ್ನ ಇಂಗ್ಲಿಷ್ ಹೇಳಿಕೊಡ್ತಿದ್ದೆ, ಅವಳು ಫೀಸಿನ ಬದಲು ಅದನ್ನ ಕೊಡ್ತಿದ್ದಳು, ಅರ್ಧ ಖಾಲಿಯಾಗಿದ್ದು. ಎರಡು ಅರ್ಧ ಸೇರಿಸಿದರೆ ಒಂದು ಪೂರ್ತಿ. ನಿಮ್ಮ ಅತ್ತೆ ಒಬ್ಬರು ಆ ಮಿಶ್ರಣ ಮೂಸಿ, 'ಇಂಥ ವಾಸನೆ ನಾನು ಎಲ್ಲೂ ನೋಡಿಲ್ಲ' ಅಂದರು. ಹೇಗೆ ನೋಡ್ತಾರೆ? ಪ್ರಪಂಚದಲ್ಲೇ ಇರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಆ ಜುಟ್ಟು ನಿನ್ನ ದೊಡ್ಡಮ್ಮನದು.

ಕಣ್ಣೀರು ಬರೋ ಹಾಗೆ ನಗಬೇಡ, ನೆತ್ತಿಗೆ ಹತ್ತುತ್ತೆ.

ಆದ್ದರಿಂದ ನಾನು ಹೇಳೋದಿಷ್ಟೇ. ನಿನಗೆ ಇಪ್ಪತ್ತೆಂಟು. ಊರಲ್ಲಿ ಒಳ್ಳೇ ಸ್ಕೂಲಲ್ಲಿ ಕೆಲಸ ಇತ್ತು. ಹೌದು, ರಾಜೀನಾಮೆ ಕೊಟ್ಟಿದೀಯ, ಏಜೆಂಟಿಗೂ ಕೊಟ್ಟಿದೀಯ, ಗೊತ್ತು. ಏಜೆಂಟಿಗೆ ಕೊಟ್ಟಿದ್ದು ಹೊಳೆಗೆ ಹಾಕಿದ್ದು ಅಂದ್ಕೊ. ಮಕ್ಕಳ ಕ್ಲಾಸು ಚೆನ್ನಾಗಿ ಮಾಡ್ತೀಯಂತೆ, ಆ ಹೆಡ್‌ಮಿಸ್ಸು ನೀನು ಕೇಳಿದರೆ ವಾಪಸ್ ತಗೋತಾರೆ. ನಾಳೆ ಹತ್ತು ಗಂಟೆಗೆ ಹೋಗು, 'ಯೋಚನೆ ಮಾಡಿದೆ, ನನಗೆ ಆಗಲ್ಲ' ಅನ್ನು. ಒಂದು ವಾರ ನನ್ನ ಜೊತೆ ಇರು. ಊರು ತೋರಿಸ್ತೀನಿ, ನಡ್ಕೊಂಡು ನೋಡೋಕೆ ದುಡ್ಡಿಲ್ಲ. ಆಮೇಲೆ ಹೊರಡು. ದೊಡ್ಡಮ್ಮ ಕೆಟ್ಟದು ಹೇಳ್ತಾಳಾ?

…ಮತ್ತೆ ಯಾಕೆ ಆ ಮೂರನೇ ಹಾಳೆ ತೆಗೆದೆ? ಅದು ಬರೀ ವೇಳಾಪಟ್ಟಿ. ಅದರಲ್ಲೇನಿದೆ. ಸೋಮವಾರ ಹೇಳಿದೆನಲ್ಲ. ಮಂಗಳವಾರ ಬ್ಯಾಂಕಿನವರ ಗುಂಪು, ಅವರಿಗೆ ಹೋಂವರ್ಕ್ ಕೊಡಬೇಡ, ಮಾಡಲ್ಲ, ಮಾಡಿದ್ದೀವಿ ಅಂತ ಇಂಗ್ಲಿಷಲ್ಲಿ ಸುಳ್ಳು ಹೇಳಿಸು, ಅದೇ ಅಭ್ಯಾಸ. ಗುರುವಾರ ಆರು ಗಂಟೆ, ನಾಲ್ಕನೇ ಕೋಣೆ, ಒಬ್ಬರೇ… ಆ ಕೋಣೆ ಕಿಟಕಿ ಮುಚ್ಚಲ್ಲ, ಕಾಗದ ಮಡಚಿ ಸಂದಿಗೆ ಸಿಕ್ಕಿಸಬೇಕು. ಬರೋದು ಹಲ್ಲಿನ ಡಾಕ್ಟರು. ಐವತ್ತು ದಾಟಿದೆ. ನಾಚಿಕೆ ಅಂದ್ರೆ ನಾಚಿಕೆ ಆ ಮನುಷ್ಯನಿಗೆ. ಎರಡು ವರ್ಷ, ಎರಡು ವರ್ಷ ಕಣೇ, ಕೇಳಿದ್ದಕ್ಕೆ ಹೌದು ಅಲ್ಲ ಅಂತ ಬಿಟ್ಟರೆ ಮೂರನೇ ಮಾತಿಲ್ಲ. ತಪ್ಪಾದರೆ ಏನಾಗುತ್ತೋ ಅಂತ ಕರ್ಚೀಫು ಹಿಂಡ್ತಾ ಕೂತಿರೋರು. ನಾನೂ ಬಿಡಲಿಲ್ಲ. ತಿದ್ದಲಿಲ್ಲ, ಸುಮ್ಮನೆ ಕಾದೆ. ಮೊನ್ನೆ ಗುರುವಾರ ಬಂದು ಕೂತರು, ಗಂಟಲು ಸರಿಮಾಡ್ಕೊಂಡರು, ತಾವಾಗೇ ಇಂಗ್ಲಿಷಲ್ಲಿ ಶುರು ಮಾಡಿದರು. ಏನಂದರು ಗೊತ್ತಾ? 'ಟೀಚರ್, ನನ್ನ ಕುರ್ಚಿಯಲ್ಲಿ ಕೂತವರಿಗೆ ಮಾತಾಡೋಕೆ ಆಗಲ್ಲ. ನಿಮ್ಮ ಕುರ್ಚಿಯಲ್ಲಿ ಕೂತರೆ ನನಗೆ ಮಾತಾಡೋಕೆ ಆಗಲ್ಲ. ಆದರೆ ನಿಮ್ಮದು ಅಗ್ಗ.'

ತಮಾಷೆ ಕಣೇ. ಪರಭಾಷೆಯಲ್ಲಿ ಮೊದಲನೇ ತಮಾಷೆ. ಮನುಷ್ಯ ಕೆಂಪಗಾಗಿಬಿಟ್ಟರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಪಕ್ಕದ ಕೋಣೆಯವರು ಬಂದು ಏನಾಯ್ತು ಅಂತ ಇಣುಕಿದರು. ಯಾವ ಸಂಬಳವೂ…

ಯಾಕೆ ನಗಲಿಲ್ಲ ನೀನು? ಇಷ್ಟು ಹೊತ್ತು ನಗ್ತಿದ್ದೆ.

ಮೊನ್ನೆ ಅಂದೆನಾ.

ಮೊನ್ನೆ ಅಂದ್ರೆ… ಆಗ. ಆರು ವರ್ಷದ ಹಿಂದೆ. ವಯಸ್ಸಾದೋರಿಗೆ ಎಲ್ಲವೂ ಮೊನ್ನೆನೇ, ನಿನ್ನ ನಾಮಕರಣವೂ ಮೊನ್ನೆ. ಆ ಡಾಕ್ಟರು ಇನ್ನೂ ಬರ್ತಾ ಇರಬಹುದು ಅಂತ ಊಹೆ ಮಾಡಿದೆ ಅಷ್ಟೇ, ಗುರುವಾರ ಆರು ಗಂಟೆ ಅಂತ ನೋಡಿ… ಹೌದು, ಹಾಳೆಯಲ್ಲಿ ಡಾಕ್ಟರು ಅಂತ ಬರೆದಿಲ್ಲ. 'ಒಬ್ಬರು' ಅಂತಷ್ಟೇ ಇದೆ. ಬ್ಯಾಂಕಿನವರು ಅಂತಲೂ ಬರೆದಿಲ್ಲ. ನನಗೂ ಓದೋಕೆ ಬರುತ್ತೆ.

ಏನಾದರೂ ಅನ್ನು.

ಗೋಡೆ ನೋಡಬೇಡ, ನನ್ನ ನೋಡು. ಅಲ್ಲ, ನನ್ನ ನೋಡಬೇಡ, ಗೋಡೆನೇ ನೋಡು, ವಾಸಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ನೀನು ಕಳ್ಳ ಅಂತಲೂ ಅನ್ನಲಿಲ್ಲ, ನಾನೇ ಹೆಗಲು ಒರೆಸ್ಕೊಳ್ತಾ ಕೂತಿದ್ದೀನಿ.

ಸರಿ. ಪಿಂಚಣಿ ಇಲ್ಲ ಕಣೇ. ಗಂಟೆ ಲೆಕ್ಕದವರಿಗೆ ಪಿಂಚಣಿ ಎಲ್ಲಿಂದ ಬರುತ್ತೆ. ಅರವತ್ತಮೂರು ತುಂಬಿದ ವರ್ಷ ನಿಮ್ಮಮ್ಮ ಫೋನಲ್ಲಿ 'ಅಕ್ಕ, ಇನ್ನೂ ದುಡೀತಿದ್ದೀಯಾ, ಪಾಪ' ಅಂದಳು. ಪ್ರೀತಿಯಿಂದಲೇ ಅಂದಳು. ಆದರೆ ಆ 'ಪಾಪ' ಮೀನಿನ ಮುಳ್ಳಿನ ಥರ ಗಂಟಲಲ್ಲಿ ಸಿಕ್ಕಿಕೊಂಡಿತು. 'ಇಲ್ಲಮ್ಮ, ನಿವೃತ್ತಿ ಆಯ್ತು, ಮನೆಯಲ್ಲಿ ಕೂತರೂ ತಿಂಗಳಾದರೆ ಬರುತ್ತೆ' ಅಂದುಬಿಟ್ಟೆ. ಅಂದು ಮುಗಿಸಿದರೆ ಆಗಲ್ಲವಲ್ಲ, ಸುಳ್ಳನ್ನ ಸಾಕಬೇಕು. ಅದಕ್ಕೂ ಊಟ ಬಟ್ಟೆ ಆಗಬೇಕು. ಭಾನುವಾರ ಮಾತ್ರ ವಿಡಿಯೋ ಕಾಲ್ ಮಾಡಿ ಅಂದೆ. ಉಳಿದ ದಿನ ಲೈಬ್ರರಿ ಅಂದೆ. ನಿಮ್ಮಪ್ಪ ಅದಕ್ಕೆ, 'ನಿಮ್ಮಕ್ಕ ಈ ವಯಸ್ಸಲ್ಲೂ ಎಷ್ಟು ಓದ್ತಾರೆ' ಅಂತ ಹೊಗಳಿದರಂತೆ.

ಆರು ವರ್ಷದಲ್ಲಿ ಒಂದು ದಿನವೂ ನಾನು ಆ ಶಾಲೆ ಬಿಟ್ಟಿಲ್ಲ. ಪ್ರತಿ ವರ್ಷ ಶಾಲೆಯವರು ಒಂದು ಪತ್ರ ಬರೆದುಕೊಡ್ತಾರೆ, ಇವರು ನಮ್ಮಲ್ಲಿ ಪಾಠ ಮಾಡ್ತಾರೆ ಅಂತ. ಆ ಪತ್ರ ತೋರಿಸಿದರೆ ಸರ್ಕಾರದವರು ಈ ದೇಶದಲ್ಲಿ ಇನ್ನೊಂದು ವರ್ಷ ಇರು ಅಂತಾರೆ. ನಿನ್ನ ಹಾಳೆಯಲ್ಲೂ ಅದಿದೆ, ಎರಡನೇದರಲ್ಲಿ.

ಮತ್ತೆ ಮೂರನೇದು. ಸೋಮವಾರ ಎಂಟು, ಒಂದು, ಆರು. ಮಂಗಳವಾರ ಬ್ಯಾಂಕು. ಬುಧವಾರ ಆಸ್ಪತ್ರೆ ನರ್ಸುಗಳು. ಗುರುವಾರ ಆರು. ಶುಕ್ರವಾರ ಇಡೀ ದಿನ. ಶನಿವಾರ ಬೆಳಿಗ್ಗೆ ಮೂರು ಕ್ಲಾಸು. ನಿನಗೆ ಕೊಟ್ಟಿರೋ ಆ ಇಪ್ಪತ್ತೆರಡು ಗಂಟೆ ನನ್ನವು. ಒಂದು ಗಂಟೆ ಆಚೆ ಈಚೆ ಇಲ್ಲ. ನನ್ನ ಹೆಸರು ಅಳಿಸಿ ನಿನ್ನ ಹೆಸರು ಹಾಕಿದ್ದಾರೆ.

ಇಲ್ಲ, ನನಗೂ ಗೊತ್ತಿರಲಿಲ್ಲ. ನಿನ್ನ ಮೇಲಾಣೆ. ಹೋದ ವಾರ ಮ್ಯಾನೇಜರಮ್ಮ ನನ್ನ ಕರೆದು, 'ಮುಂದಿನ ತಿಂಗಳ ವೇಳಾಪಟ್ಟಿ ಸ್ವಲ್ಪ ನೋಡಬೇಕು, ಆಮೇಲೆ ಹೇಳ್ತೀನಿ' ಅಂದರು. ಅಷ್ಟೇ. ಆಮೇಲೆ ಹೇಳಿದ್ದು ನೀನು, ಸೂಟ್‌ಕೇಸಿನ ಜೊತೆ. ನೀನು ಮುಖ ತೊಳೀತಿದ್ದಾಗ ಈ ಕುರ್ಚಿಯಲ್ಲೇ ಕೂತು ಓದಿದೆ. ಎರಡನೇ ಸಲ ಓದಿದ್ದು ಕಣ್ಣು ಮಂದ ಅಂತಲ್ಲ. ನನಗೆ ಈಗ ಗಂಟೆಗೆ ಇಪ್ಪತ್ತೊಂದು ಕೊಡ್ತಾರೆ. ನಿನಗೆ ಹದಿನೇಳು. ಗಂಟೆಗೆ ನಾಲ್ಕು ಉಳೀತು ಅವರಿಗೆ. ಮೂವತ್ತು ವರ್ಷದಲ್ಲಿ ನಾನು ಏರಿದ್ದು ಎಷ್ಟು ಎತ್ತರ ಅಂದ್ರೆ, ಅಲ್ಲಿಂದ ನೂಕಿದ್ರೆ ಅವರಿಗೆ ನಾಲ್ಕು ಲಾಭ.

ಆದ್ದರಿಂದ ನಿನಗೆ ಇಷ್ಟು ಹೊತ್ತು ಹೇಳಿದೆನಲ್ಲ, ತೆರಿಗೆ, ಬಾಡಿಗೆ, ಒಂಟೆ, ಬೆನ್ನುಚೀಲ… ಅದರಲ್ಲಿ ಒಂದೂ ಸುಳ್ಳಿಲ್ಲ. ಲೆಕ್ಕವೆಲ್ಲ ನಿಜ. ಯಾಕೆ ಹೇಳಿದೆ ಅನ್ನೋದೊಂದೇ ಸುಳ್ಳು. ನಿನ್ನ ಒಳ್ಳೇದಕ್ಕೆ ಅಂತ ನನಗೆ ನಾನೇ ಹೇಳ್ಕೊಂಡು ಶುರು ಮಾಡಿದೆ. ನೀನು ನಕ್ಕಾಗಲೆಲ್ಲ, ಇನ್ನು ಸ್ವಲ್ಪ, ಇನ್ನು ಸ್ವಲ್ಪ, ಹೆದರಿ ಊರಿಗೆ ಹೋಗ್ತಾಳೆ ಅಂತ ಅನ್ನಿಸ್ತಿತ್ತು. ತಂಗಿ ಮಗಳನ್ನ ಬಾಗಿಲು ತೆಗೆದು ಒಳಗೆ ಕರೆದು, ಚಹಾ ಕೊಟ್ಟು, ತಮಾಷೆ ಮಾಡ್ತಾ ಮಾಡ್ತಾ ಹೊರಗೆ ಕಳಿಸ್ತಿದ್ದೆ.

ಏಯ್, ಏನು ಮಾಡ್ತಿದೀಯ? ಬಿಡು. ಹರೀಬೇಡ. ಬಿಡು ಅಂದೆನಲ್ಲ, ಕೊಡು ಇಲ್ಲಿ. ಹರಿದರೆ ಏನಾಗುತ್ತೆ? ಆ ಗಂಟೆಗಳು ನಡ್ಕೊಂಡು ನನ್ನ ಹತ್ತಿರ ವಾಪಸ್ ಬರ್ತಾವಾ? ಇನ್ನೊಂದು ಪ್ರಿಂಟು ತೆಗೆದು ಇನ್ನೊಬ್ಬಳ ಹೆಸರು ಹಾಕ್ತಾರೆ. ಅವಳು ಯಾವ ದೊಡ್ಡಮ್ಮನ ಮುಖವನ್ನೂ ನೋಡಲ್ಲ. ನೀನು ದೊಡ್ಡತನ ತೋರಿಸಿದ್ದಕ್ಕೆ ನಮ್ಮಿಬ್ಬರಿಗೂ ಕೆಲಸ ಇಲ್ಲ, ಆರುನೂರು ಬಾಡಿಗೆಗೆ ಇಬ್ಬರೂ ಸೇರಿ ದುಪ್ಪಟಿ ಮಡಚಬೇಕು.

ಅಮ್ಮನಿಗೆ ಫೋನಾ? ಇವತ್ತು ಬೇಡ. ಹೇಳಬೇಕು, ನಾನೇ ಹೇಳ್ತೀನಿ. ಆದರೆ ನಾಳೆ ಆದ ಮೇಲೆ.

ಸಹಿ ಹಾಕು ಅಂತಲೂ ನಾನು ಹೇಳಲಾರೆ, ಹಾಕಬೇಡ ಅಂತಲೂ ಹೇಳಲಾರೆ. ಹೇಳೋ ಮುಖ ನಾನು ಕಳ್ಕೊಂಡೆ. ಆದರೆ ಯೋಚಿಸು, ಇಪ್ಪತ್ತೆರಡು ಗಂಟೆಯಲ್ಲಿ ಹನ್ನೊಂದು ಹನ್ನೊಂದು ಮಾಡಿದರೂ ಎರಡು ಪತ್ರ ಬರೀಬಹುದು ಅವರು. ಶಾಲೆಗೆ ಆ ಬ್ಯಾಂಕಿನವರಿಂದ ಬರೋದು ಎಷ್ಟು ಅಂತ ನನಗೆ ಗೊತ್ತು. ಹೊಸ ಗುಂಪು ಎರಡು ಕಾಯ್ತಾ ಕೂತಿದೆ, ಟೀಚರಿಲ್ಲ ಅಂತ ಮುಂದೂಡಿದ್ದಾರೆ, ಅದೂ ಗೊತ್ತು. ಮೂವತ್ತು ವರ್ಷದಲ್ಲಿ ಅವರ ಬಾಗಿಲ ಮುಂದೆ ಹೋಗಿ ಏನನ್ನೂ ಕೇಳಿದವಳಲ್ಲ ನಾನು. ತಯಾರಿಗೆ ಕೊಡಿ ಅಂತ ಕೇಳಲಿಲ್ಲ, ರಜೆಗೆ ಕೊಡಿ ಅಂತ ಕೇಳಲಿಲ್ಲ. ಕೇಳಿದರೆ ಕಳಿಸ್ತಾರೆ ಅಂತ ಭಯ. ಈಗ ಕಳಿಸಿ ಆಯ್ತಲ್ಲ, ಇನ್ನೇನು ಭಯ.

ನಾಳೆ ಹತ್ತು ಗಂಟೆಗೆ ನಾನೂ ಬರ್ತೀನಿ. ಆ ನೀಲಿ ಸೀರೆ ಉಡ್ತೀನಿ. ನೀನು ಮುಂದೆ ಹೋಗು, ನಾನು ಹಿಂದೆ ಬಂದು ಪಕ್ಕದ ಕುರ್ಚಿಯಲ್ಲಿ ಕೂರ್ತೀನಿ. ನೀನು ಜಗಳ ಆಡಬೇಡ, ಭಾಷಣ ಮಾಡಬೇಡ. 'ಇವರು ನಮ್ಮ ದೊಡ್ಡಮ್ಮ' ಅಂತ ಒಂದು ಮಾತು ಹೇಳು. ಮೂರನೇ ಹಾಳೆ ಬಿಡಿಸಿ ಮ್ಯಾನೇಜರಮ್ಮನ ಮುಂದೆ ಇಡು. ಆಮೇಲೆ ಸುಮ್ಮನೆ ಕೂತಿರು, ಈಗ ಕೂತಿದ್ದೆಯಲ್ಲ, ಹಾಗೇ. ಒಂದು ಮಾತೂ ಆಡದೆ ನೀನು ನನ್ನ ಬಾಯಿಂದ ಆರು ವರ್ಷದ ಗುಟ್ಟು ಹೊರಡಿಸಿದೆ, ಚಹಾ ಆರೋದರೊಳಗೆ. ಆಕೆ ಎಷ್ಟು ಹೊತ್ತು ತಡ್ಕೋತಾರೆ, ನೋಡೇಬಿಡೋಣ.